ಹಾಕಿದೆ ಎಂದ ನೀರು

ಫೆಬ್ರವರಿ ೧೧

ಅಕ್ಕಾ,

ಊರಿಗೆಲ್ಲ ಸಿಸ್ಟರ್ ಆದವಳು ಒಡಹುಟ್ಟಿದವನಿಗೆ ಮಾತ್ರ ಒಂದು ಸಾಲು ಬರೆಯುವುದಿಲ್ಲ ಎಂಬುದು ನನ್ನ ಹಳೆಯ ದೂರು. ಈ ಸಲ ಅದನ್ನು ಫೈಲಿನಲ್ಲೇ ಬಿಟ್ಟಿದ್ದೇನೆ, ಯಾಕೆಂದರೆ ಇದು ಅಭಿನಂದನೆಯ ಪತ್ರ. ನನ್ನ ಹೊಟ್ಟೆಪಾಡಿನ ಕೆಲಸಕ್ಕೇ ಕೈ ಹಾಕಿದ್ದೀಯಂತೆ! ನಾಲ್ಕು ವರ್ಷ ಓದಿ, ಕುತ್ತಿಗೆಗೆ ಬಿಳಿ ಪಟ್ಟಿ ಬಿಗಿದುಕೊಂಡು ನಾನು ಮಾಡುವುದನ್ನು ನೀನು ಹೆರಿಗೆ ಕೋಣೆಯಲ್ಲಿ ಗ್ಲೌಸ್ ಕಳಚದೆ ಮುಗಿಸಿದೆ ಅಂತ ಟೈಲರಮ್ಮ ಹೇಳಿದರು.

ಟೈಲರಮ್ಮ ನಮ್ಮ ಚರ್ಚಿನ ಸಭೆಯವರು. ಪೋಸ್ಟಾಫೀಸಿನ ಎದುರು ಹೊಲಿಗೆ ಅಂಗಡಿ. ನನ್ನ ನಿಲುವಂಗಿಯನ್ನು ಎರಡು ಸಲ ಸಡಿಲ ಮಾಡಿಕೊಟ್ಟವರು. "ಪಾದ್ರಿಗಳೇ, ನಿಮ್ಮ ಪ್ರಸಂಗದ ಉದ್ದ ಕಮ್ಮಿ ಮಾಡಿ, ಹೊಟ್ಟೆಯ ಸುತ್ತಳತೆ ನಾನು ನೋಡ್ಕೋತೀನಿ" ಅನ್ನುವ ಹೆಂಗಸು. ನಾನು ಮಾಡುವುದು ಪ್ರಸಂಗ, ಅವರ ಲೆಕ್ಕದಲ್ಲಿ ಅದು ಅಧಿಕಪ್ರಸಂಗ. ಅಂಥವರು ಕಳೆದ ವಾರ ನನ್ನೆದುರು ಕೂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು: "ಸಿಸ್ಟರಮ್ಮ ನೀರು ಹಾಕಿದ್ರು. ನಾನು ಕೇಳಿದೆ, ಹಾಕಿದೆ ಅಂದ್ರು." ಏಳು ತಿಂಗಳಿಗೆ ಹುಟ್ಟಿ ನಿಮ್ಮ ಆಸ್ಪತ್ರೆಯಲ್ಲೇ ತೀರಿಹೋದ ಅವರ ಮಗು. ಶನಿವಾರ ಮಣ್ಣು ಮಾಡಿದೆವು. ಸಮಾಧಿಯ ಹತ್ತಿರ ನಾನು ಮಾತಾಡಿದ್ದೂ ಆ ನೀರಿನ ಮೇಲೆಯೇ. ಅವರು ಅಳುತ್ತಿದ್ದರೂ ತಲೆಯಾಡಿಸಿದರು. ಅವರು ನನ್ನ ಪ್ರಸಂಗಕ್ಕೆ ತಲೆಯಾಡಿಸಿದ್ದು ಇದೇ ಮೊದಲು.

ನಮ್ಮ ಲೂಥರನ್ ಸಭೆಯ ಪದ್ಧತಿ ನಿನಗೆ ಗೊತ್ತೇ ಇದೆ. ಪ್ರಾಣ ಹೋಗುವ ಹೊತ್ತಿನಲ್ಲಿ ಪಾದ್ರಿ ಬರಲಿ ಅಂತ ಕಾಯಬೇಕಿಲ್ಲ. ವಿಶ್ವಾಸಿ ಯಾರೇ ಆಗಲಿ, ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರು ಹಾಕಿದರೆ ಅದೇ ದೀಕ್ಷಾಸ್ನಾನ. ಆಮೇಲೆ ಹಾಕಿದವರು ಸಭಾಪಾಲಕನಿಗೆ ತಿಳಿಸಿ ಸಹಿ ಹಾಕಬೇಕು. ಫಾರಂ ಇದರ ಜೊತೆಗಿದೆ. ಸಹಿ ಹಾಕಿ ಕಳಿಸು, ಪ್ರಮಾಣಪತ್ರ ಕೊಟ್ಟುಬಿಡುತ್ತೇನೆ.

ಸಭೆಯ ಮಾಸಪತ್ರಿಕೆಯಲ್ಲಿ ನನ್ನ "ಕೇಳಿ ನೋಡಿ" ಅಂಕಣ ಕುಂಟುತ್ತಾ ನಡೆಯುತ್ತಿದೆ. ಈ ತಿಂಗಳ ಪ್ರಶ್ನೆ: "ಪ್ರಸಂಗದ ಹೊತ್ತಿನಲ್ಲಿ ನಿದ್ದೆ ಮಾಡುವುದು ಪಾಪವೇ?" ಉತ್ತರ: "ಮಲಗಿದವನಿಗಿಂತ ಮಲಗಿಸಿದವನು ಮೊದಲು ಪಶ್ಚಾತ್ತಾಪ ಪಡಲಿ."

ನಿನ್ನ ತಮ್ಮ,
ಮಾತಿನಮಲ್ಲ

ಮಾರ್ಚ್ ೨

ಅಕ್ಕಾ,

ಸಹಿ ಕೇಳಿದೆ, ನೀನು ಸಹನೆ ಕಲಿಸುತ್ತಿದ್ದೀಯ. ಮೂರು ವಾರವಾಯಿತು. ಫಾರಂ ಕಳೆದುಹೋಯಿತೋ, ಅಥವಾ ಡಾಕ್ಟರ ಸಹವಾಸದಲ್ಲಿ ನಿನ್ನ ಕೈಬರಹವೂ ಯಾರೂ ಓದಲಾಗದ ಹಾಗೆ ಆಗಿ ಕಳಿಸಲು ನಾಚಿಕೆಯೋ? ಇನ್ನೊಂದು ಇಟ್ಟಿದ್ದೇನೆ. ಗೀಟು ಎಳೆದರೂ ಸಾಕು.

ಟೈಲರಮ್ಮ ಮೂರು ಸಲ ಬಂದು ಹೋದರು. ಪ್ರಮಾಣಪತ್ರಕ್ಕೆ ಗಾಜಿನ ಚೌಕಟ್ಟು ಮಾಡಿಸಿ ಇಟ್ಟಿದ್ದಾರಂತೆ, ಒಳಗೆ ಹಾಕಲು ಕಾಗದ ಮಾತ್ರ ಇಲ್ಲ. "ಅವನ ಒಂದು ಫೋಟೋ ಕೂಡ ಇಲ್ಲ ಪಾದ್ರಿಗಳೇ, ಹೆಸರು ಬರೆದ ಕಾಗದ ಆದ್ರೂ ಇರಲಿ" ಅಂದರು. ನಗಿಸಲು ಏನೋ ಹೇಳಹೋದೆ, ಬಾಯಿಗೆ ಬರಲಿಲ್ಲ. ನನಗೇ ಬರಲಿಲ್ಲ ಅಂದರೆ ನೀನೇ ಯೋಚಿಸು.

ಬೇಗ ಬರೆ.
ಮಲ್ಲ

ಮಾರ್ಚ್ ೯

ಮಲ್ಲಾ,

ಎರಡೂ ಫಾರಂ ಮೇಜಿನ ಮೇಲಿವೆ. ಸಹಿ ಹಾಕಿಲ್ಲ, ಹಾಕುವುದೂ ಇಲ್ಲ.

ನಾನು ನೀರು ಹಾಕಲಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಮಗು ಹುಟ್ಟಿತು. ಅಳಲಿಲ್ಲ. ಡಾಕ್ಟರ್ ಇನ್ನೊಂದು ಕೇಸಿನಲ್ಲಿ ಆಪರೇಷನ್ ಥಿಯೇಟರಿನೊಳಗಿದ್ದರು. ನನ್ನ ಜೊತೆಯಲ್ಲಿದ್ದ ನರ್ಸನ್ನು ಅವರನ್ನು ಕರೆಯಲು ಓಡಿಸಿದೆ. ನನ್ನ ಒಂದು ಕೈ ಮಗುವಿನ ಮುಖದ ಮೇಲೆ ಮಾಸ್ಕ್ ಒತ್ತಿ ಹಿಡಿದಿತ್ತು, ಇನ್ನೊಂದು ಕೈ ಗಾಳಿಚೀಲ ಅದುಮುತ್ತಿತ್ತು. ಆ ಕಡೆಯಿಂದ ತಾಯಿ ಕೂಗಿದರು, "ಸಿಸ್ಟರಮ್ಮ, ನೀರು ಹಾಕ್ರೀ, ಹೆಸರಿಡ್ರೀ," ಅಂತ. ಹೆಸರನ್ನೂ ಹೇಳಿದರು, ಅವರ ತಂದೆಯ ಹೆಸರು. ನಾನು "ಆಯ್ತಮ್ಮ" ಅಂದೆ. ಬೇಸಿನ್ನು ಎರಡು ಮೊಳ ದೂರದಲ್ಲಿತ್ತು. ಕೈ ತೆಗೆದರೆ ಉಸಿರು ನಿಲ್ಲುತ್ತದೆ, ತೆಗೆಯಲಿಲ್ಲ. ಆಮೇಲೆ ಎಲ್ಲ ಮುಗಿಯಿತು. ಸತ್ತ ಮೇಲೆ ಹಾಕುವ ನೀರಲ್ಲ ಅದು, ಅಷ್ಟು ನನಗೂ ಗೊತ್ತು.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. "ಹಾಕಿದ್ರಾ?" ಅಂದರು. "ಹಾಕಿದೆ" ಅಂದೆ.

ಇಷ್ಟೇ. ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿದ್ದೇನೆ. ಸಮಾಧಾನಕ್ಕೆ ನೂರು ಮಾತು ಹೇಳಿದ್ದೇನೆ, ಸುಳ್ಳು ಹೇಳಿರಲಿಲ್ಲ. ಇದು ಸುಳ್ಳು ಅಂತ ಹೇಳುವಾಗಲೇ ಗೊತ್ತಿತ್ತು. ಅವರ ಮುಖ ಸಡಿಲವಾಗಿದ್ದನ್ನು ನೋಡಿ ಸುಮ್ಮನಾದೆ.

ಈಗ ಏನು ಮಾಡಲಿ, ಹೇಳು.

ಅಕ್ಕ

ಮಾರ್ಚ್ ೧೪

ಪ್ರೀತಿಯ ಅಕ್ಕಾ,

ಓದಿದೆ. ಮೊದಲು ಒಂದು ಲೋಟ ನೀರು ಕುಡಿ. ಕುಡಿಯುವುದಕ್ಕೆ ಯಾರ ಸಹಿಯೂ ಬೇಡ.

ಇನ್ನು ನಿನ್ನ ಪ್ರಶ್ನೆ. ದೀಕ್ಷಾಸ್ನಾನ ಸಿಗದೆ ಹೋದದ್ದು ಯಾರನ್ನೂ ನಾಶ ಮಾಡುವುದಿಲ್ಲ, ಅದನ್ನು ತಿರಸ್ಕರಿಸುವುದು ಬೇರೆ ಮಾತು. ಇಲ್ಲಿ ಯಾರು ತಿರಸ್ಕರಿಸಿದರು? ಹೆತ್ತವಳು ಕೂಗಿ ಕೇಳಿದ್ದಾಳೆ, ಆ ಕೂಗೇ ಪ್ರಾರ್ಥನೆ. ದೇವರು ನಮ್ಮನ್ನು ನೀರಿಗೆ ಕಟ್ಟಿದ್ದಾನೆ, ತನ್ನನ್ನು ಕಟ್ಟಿಕೊಂಡಿಲ್ಲ. ಆದ್ದರಿಂದ ಮಗುವಿನ ಬಗ್ಗೆ ಚಿಂತೆ ಬೇಡ. ಮಗು ಕ್ಷೇಮ, ತಾಯಿಗೆ ಸಮಾಧಾನ, ನಿನ್ನದು ಬಾಯಿತಪ್ಪಿನ ಕರುಣೆ. ಎಲ್ಲರೂ ದಡ ಸೇರಿರುವಾಗ ದೋಣಿಗೆ ತೂತು ಯಾಕೆ ಕೊರೆಯಬೇಕು?

ನೀನು ಸುಮ್ಮನಿರು, ನಾನೂ ಸುಮ್ಮನಿರುತ್ತೇನೆ. ಫಾರಂ ಟಪಾಲಿನಲ್ಲಿ ಕಳೆಯಿತು ಅನ್ನೋಣ. ಟಪಾಲಿನವರಿಗೆ ಇಂಥ ಅಪವಾದ ಹೊತ್ತು ಅಭ್ಯಾಸವಿದೆ.

ತಮ್ಮ

ಮಾರ್ಚ್ ೨೧

ಮಲ್ಲಾ,

ನಾನು ಬರೆದದ್ದು ತಮ್ಮನಿಗೆ. ಉತ್ತರ ಬಂದದ್ದು ಅಂಕಣದಿಂದ.

ನೀನು ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೋ. ನೀರಿಲ್ಲದೆಯೂ ಮಗು ಕ್ಷೇಮವಾಗಿದ್ದರೆ ಅದನ್ನು ಆ ತಾಯಿಗೆ ಹೇಳಲು ನಿನಗೆ ಯಾಕೆ ಭಯ? ಹೇಳಲು ಭಯ ಅಂದಮೇಲೆ ನಿನ್ನ ಉತ್ತರದ ಮೇಲೆ ನಿನಗೇ ನಂಬಿಕೆ ಇಲ್ಲ. ಪ್ರತಿ ಭಾನುವಾರ ಏನು ಸಾರುತ್ತೀಯ? ನಮ್ಮ ಕ್ರಿಯೆಯಿಂದಲ್ಲ, ಕೃಪೆಯಿಂದ ಅಂತ. ಆ ಹೆಂಗಸಿನ ಸಮಾಧಾನವೆಲ್ಲ ನಿಂತಿರುವುದು ನನ್ನ ಕೈ ಮಾಡಿದ ಕ್ರಿಯೆಯ ಮೇಲೆ. ನನ್ನ ಕೈ ಅದನ್ನು ಮಾಡೇ ಇಲ್ಲ. ದೋಣಿ ಅಂದೆಯಲ್ಲ, ಅದು ದೋಣಿ ಅಲ್ಲ ಕಣೋ, ದೋಣಿಯ ಚಿತ್ರ.

ನಿನಗೆ ಇನ್ನೊಂದು ವಿಷಯ ಗೊತ್ತಿಲ್ಲ. ಈಗ ವಾರ್ಡಿನಲ್ಲಿ ಯಾರಾದರೂ "ಸಿಸ್ಟರ್, ಮಗು ಚೆನ್ನಾಗಿದ್ಯಾ?" ಅಂದರೆ ನನಗೆ ಬಾಯಿ ಬರುವುದಿಲ್ಲ. ಚೆನ್ನಾಗಿರುವ ಮಗುವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಡುತ್ತೇನೆ. ಮೊನ್ನೆ ಒಬ್ಬ ತಾಯಿ ನನ್ನ ಮುಖ ನೋಡಿ ಹೆದರಿ ಚೀರಿದಳು. ಅವಳ ಮಗು ಮೂರೂವರೆ ಕಿಲೋ ಇತ್ತು.

ನನಗೆ ಪಾಪಕ್ಷಮೆ ಬೇಕು. ತಮಾಷೆ ಬಿಟ್ಟು ಬರೆಯಲು ಬಂದರೆ ಬರೆ. ಇಲ್ಲದಿದ್ದರೆ ಬರೆಯಬೇಡ.

ಅಕ್ಕ

ಏಪ್ರಿಲ್ ೧೭

ಅಕ್ಕಾ,

ನಾಲ್ಕು ವಾರ ಬರೆಯಲಿಲ್ಲ. ಹತ್ತು ಸಲ ಶುರು ಮಾಡಿದೆ, ಪ್ರತಿ ಸಲವೂ ಮೊದಲ ಸಾಲಿನಲ್ಲೇ ಒಂದು ಜೋಕು ಬಂದು ಕೂತಿತು. ಹರಿದುಹಾಕಿದೆ. ಈ ಕಾಗದದಲ್ಲಿ ಇನ್ನೂ ಬಂದಿಲ್ಲ, ಬರುವುದರೊಳಗೆ ಹೇಳಿಬಿಡುತ್ತೇನೆ.

ನಿನ್ನ ಸಹಿಗೆ ನಾನು ಕಾಯಲಿಲ್ಲ. ಮಣ್ಣು ಮಾಡಿದ ದಿನವೇ ಸಭೆಯ ದಾಖಲೆ ಪುಸ್ತಕ ತೆಗೆದು ಮಗುವಿನ ಹೆಸರು, ತಾರೀಖು, "ತುರ್ತು ದೀಕ್ಷಾಸ್ನಾನ" ಎಂದೂ, ಕೊಟ್ಟವರ ಜಾಗದಲ್ಲಿ ನಿನ್ನ ಹೆಸರನ್ನೂ ಬರೆದೆ. ಫಾರಂ ಕೇಳಿದ್ದು ಬರೆದದ್ದನ್ನು ಸರಿ ಮಾಡಿಕೊಳ್ಳಲು. ವಿಚಾರಿಸದೆ ಬರೆಯಬಾರದು ಎಂಬ ನಿಯಮವನ್ನು ಹೊಸ ಪಾದ್ರಿಗಳಿಗೆ ಪಾಠ ಹೇಳುವವನೂ ನಾನೇ. ಯಾಕೆ ಬರೆದೆ ಗೊತ್ತೇ? ನೀರು ಬಿದ್ದಿದೆ ಅಂತ ಕೇಳಿ ನನಗೆ ಹಾಯೆನಿಸಿತ್ತು. ಬಿದ್ದಿಲ್ಲ ಅಂದಿದ್ದರೆ ಆ ಸಣ್ಣ ಗುಂಡಿಯ ಹತ್ತಿರ ನಿಂತು ಏನು ಹೇಳುತ್ತಿದ್ದೆ? ಅಂಕಣದಲ್ಲಿ ಆರು ಸಾಲಿನಲ್ಲಿ ಬರೆಯುವ ಉತ್ತರವನ್ನು ಒಬ್ಬ ತಾಯಿಯ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿರಲಿಲ್ಲ. ನೀನು ಸರಿಯಾಗಿಯೇ ಹಿಡಿದೆ.

ಕಳೆದ ವಾರ "ಕೇಳಿ ನೋಡಿ"ಗೆ ಒಂದು ಪ್ರಶ್ನೆ ಬಂತು. ಹೆಸರಿಲ್ಲ, ಹೆಣ್ಣಿನ ಕೈಬರಹ. "ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಬಟ್ಟೆ ಹೊಲಿಸಲು ಹೋಗಿದ್ದಾಗ ಅಂಗಡಿಯವರು, ನಮ್ಮದಕ್ಕೆ ನೀರು ಬಿದ್ದಿತ್ತು, ಪಾಪ ನಿಮ್ಮದಕ್ಕೆ ಬೀಳಲಿಲ್ಲ ಎಂದು ಅತ್ತರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರ ಮಗು ಇರುವಲ್ಲಿ ನನ್ನದೂ ಇದೆಯೇ?"

ನಮ್ಮ ಸುಳ್ಳು ಎಲ್ಲಿಯವರೆಗೆ ನಡೆದುಹೋಗಿದೆ ನೋಡು. ಉತ್ತರ ಕೊಡುವವನು ತತ್ತರಿಸಿಹೋದೆ. ಸಂಜೆಯವರೆಗೆ ಕೂತು, "ಇದೆ ತಾಯಿ" ಅಂತ ಶುರುಮಾಡಿ, ಯಾಕೆ ಇದೆ ಅಂತ ಬರೆದೆ. ಅದೇ ಮಾತು, ನಿನಗೆ ಬರೆದದ್ದೇ. ಆದರೆ ಈ ಸಲ ಬರೆಯುವಾಗ ನಾನೇ ಅದರ ಮೇಲೆ ನಿಂತು ನೋಡಿದೆ. ನಡುಗಿದೆ, ಆದರೆ ಅದು ಕುಸಿಯಲಿಲ್ಲ.

ಈಗ ನೀನು ಕೇಳಿದ್ದು. ಓದುವಾಗ ಕೂತುಕೊಂಡು ಓದು.

ಅಕ್ಕಾ, ನೀನು ಸುಳ್ಳು ಹೇಳಿದೆ, ಅದು ಪಾಪ. ಕರುಣೆ ಅಂತ ನಾನು ಹೆಸರು ಬದಲಿಸಿದ್ದು ತಪ್ಪು. ಹೆಸರು ಬದಲಿಸಿದರೆ ಕ್ಷಮಿಸಲು ಏನೂ ಉಳಿಯುವುದಿಲ್ಲ. ನಮ್ಮ ಕರ್ತನ ಅಪ್ಪಣೆಯಂತೆ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಈ ಪಾಪ ನಿನಗೆ ಕ್ಷಮಿಸಲ್ಪಟ್ಟಿದೆ. ಅವರಿಗೆ ಹೇಳಿದ ಮೇಲೆ ಅಲ್ಲ, ಈಗಲೇ. ಕ್ಷಮೆ ಸಿಗಲಿ ಅಂತ ಹೇಳಬೇಡ, ಸಿಕ್ಕಿರುವುದರಿಂದ ಹೇಳು. ದಾಖಲೆಯ ವಿಷಯ ನಾನು ಹೇಳುತ್ತೇನೆ.

ಇನ್ನೊಂದು. ಈ ಊರಿನಲ್ಲಿ ನನ್ನ ಮೇಲೆ ಪಾದ್ರಿಯಿಲ್ಲ. ವಿಶ್ವಾಸಿ ಯಾರಾದರೂ ಆ ಕ್ಷಮೆಯ ಮಾತನ್ನು ಇನ್ನೊಬ್ಬರಿಗೆ ಹೇಳಬಹುದು ಅನ್ನುವುದು ನಮ್ಮ ಬೋಧನೆ. ನನಗೂ ಬೇಕಾಗಿದೆ.

ತಮ್ಮ

ಏಪ್ರಿಲ್ ೨೨

ಮಲ್ಲಾ,

ನಿನಗೂ ಕ್ಷಮಿಸಲ್ಪಟ್ಟಿದೆ, ಅದೇ ಹೆಸರಿನಲ್ಲಿ.

ಅಂಗಡಿಯ ವಿಳಾಸ ಕಳಿಸು.

ಅಕ್ಕ

ಮೇ ೩

ಅಮ್ಮಾ,

ನಿಮ್ಮ ಹೆರಿಗೆ ಮಾಡಿಸಿದ ನರ್ಸ್ ನಾನು, ನಿಮ್ಮ ಪಾದ್ರಿಗಳ ಅಕ್ಕ. ಈ ಪತ್ರವನ್ನು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ತೆರೆದಿದ್ದರೆ ದಯವಿಟ್ಟು ಮುಚ್ಚಿ, ಮನೆಗೆ ಹೋಗಿ ಓದಿ.

ನಿಮ್ಮ ಮಗುವಿಗೆ ನೀರು ಹಾಕಿದೆ ಅಂತ ನಾನು ಹೇಳಿದ್ದು ಸುಳ್ಳು. ಹಾಕಿರಲಿಲ್ಲ. ನೀವು ಕೇಳಿದಾಗ ನಿಜ ಹೇಳಲು ನನಗೆ ಧೈರ್ಯ ಬರಲಿಲ್ಲ. ನಿಮ್ಮ ನೋವನ್ನು ಕಡಿಮೆ ಮಾಡಲು ಹೇಳಿದೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ. ನಿಮ್ಮ ಮುಖ ನೋಡಲು ನನ್ನಿಂದ ಆಗಲಿಲ್ಲ, ಅದು ಉಳಿದರ್ಧ.

ಕ್ಷಮಿಸಿ ಅಂತ ಕೇಳುತ್ತೇನೆ. ಕ್ಷಮಿಸಲೇಬೇಕು ಅಂತಲ್ಲ. ನೀವು ಏನು ಕೇಳಿದರೂ ನಿಜವನ್ನೇ ಹೇಳುತ್ತೇನೆ.

ನರ್ಸ್

ಮೇ ೨೧

ಅಕ್ಕಾ,

ನಿನ್ನ ಪತ್ರ ತಲುಪಿದ ಮರುದಿನವೇ ಬಂದರು. ನಾನು ಆಫೀಸಿನಲ್ಲಿ ಒಬ್ಬನೇ ಇದ್ದೆ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯುವುದನ್ನೂ ಮರೆತು ಬಂದಿದ್ದರು. ಕೂರಿ ಅಂದೆ. ಕೂರಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಮಾರ್ಚಿನಿಂದ ಗೊತ್ತು."

"ಮಾರ್ಚಿನಿಂದ ನಾನು ಎಷ್ಟು ಸಲ ಬಂದೆ?"

"ಐದು ಸಲ."

"ಐದು ಸಲವೂ ಫಾರಂ ಬಂದಿಲ್ಲ ಅಂದ್ರಿ."

"ಅಂದೆ."

ಪುಸ್ತಕ ತೆರೆದು ತೋರಿಸಿದೆ. ಅವರ ಎದುರೇ ಆ ಸಾಲಿಗೆ ಗೀಟು ಎಳೆದು, "ತಪ್ಪಾಗಿ ಬರೆಯಲಾಗಿದೆ, ತಪ್ಪು ನನ್ನದು" ಎಂದು ಪಕ್ಕದಲ್ಲಿ ಸಹಿ ಹಾಕಿದೆ. ಗೀಟು ಎಳೆಯುವಾಗ, ಹೆಸರಿನ ಮೇಲೆ ಮಾತ್ರ ಎಳೆಯಬೇಡಿ ಅಂದಿದ್ದರು. ಹೆಸರನ್ನು ಹಾಗೇ ಬಿಟ್ಟಿದ್ದೇನೆ.

"ಹಾಗಾದ್ರೆ ಸಮಾಧಿ ಹತ್ರ ಅಷ್ಟು ಹೊತ್ತು ಹೇಳಿದ್ದೆಲ್ಲ ಏನು?"

"ನೀರಿನ ಬಗ್ಗೆ ಹೇಳಿದ್ದು ಸುಳ್ಳಾಯ್ತು. ದೇವರ ಬಗ್ಗೆ ಹೇಳಿದ್ದು ಸುಳ್ಳಲ್ಲ."

"ಈಗ ನನ್ನ ಮಗು ಎಲ್ಲಿದೆ? ಪತ್ರಿಕೆಗೆ ಬರೆಯೋ ಹಾಗೆ ಹೇಳ್ಬೇಡಿ."

ಹೇಳಿದೆ ಅಕ್ಕಾ. ತಮಾಷೆಯಿಲ್ಲದೆ, ವಾಕ್ಯಕ್ಕೆ ಇಸ್ತ್ರಿ ಹಾಕದೆ. "ನಿಮಗೆ ತೋರಿಸೋಕೆ ನನ್ನ ಹತ್ರ ಕಾಗದ ಇಲ್ಲ. ಮಕ್ಕಳನ್ನ ತಳ್ಳಬೇಡಿ, ನನ್ನ ಹತ್ರ ಬಿಡಿ ಅಂದವನು ಒಬ್ಬ ಇದ್ದಾನೆ. ನೀವು ಕೂಗಿದ್ದು ಅವನಿಗೆ ಕೇಳಿಸಿದೆ. ನಿಮ್ಮ ಮಗುವನ್ನ ಅವನ ಕೈಗೇ ಬಿಟ್ಟಿದ್ದೀನಿ. ನನ್ನ ಸಾವಿನ ಹೊತ್ತಿಗೆ ನನ್ನನ್ನೂ ಅಲ್ಲಿಗೇ ಬಿಡಬೇಕು, ಬೇರೆ ಜಾಗ ನನಗೆ ಗೊತ್ತಿಲ್ಲ."

ಅವರು ಬಟ್ಟೆಯ ದೋಷ ಹುಡುಕುವ ಹಾಗೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ಇದನ್ನ ಅವತ್ತೇ ಹೇಳಿದ್ರೆ ತಡ್ಕೋತಿದ್ದೆ" ಅಂದು ಹೊರಟುಹೋದರು. ಎರಡು ಭಾನುವಾರ ಬಂದಿಲ್ಲ. ಅವರು ಕೂರುತ್ತಿದ್ದ ಬೆಂಚಿನ ತುದಿಯಲ್ಲಿ ಯಾರೂ ಕೂರುವುದಿಲ್ಲ. ನನ್ನ ಪ್ರಸಂಗ ಈಗ ಗಿಡ್ಡವಾಗಿದೆ. ಮೆಚ್ಚಬೇಕಾದವರು ಇಲ್ಲ.

ತಮ್ಮ

ಜೂನ್ ೧೬

ಸಿಸ್ಟರಮ್ಮನಿಗೆ,

ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ನಿಮ್ಮ ಕಾಗದ ಬಂದ ದಿನ ಒಂದು ಗಿರಾಕಿಯ ಬಟ್ಟೆ ಅಡ್ಡಾದಿಡ್ಡಿ ಕತ್ತರಿಸಿಬಿಟ್ಟೆ. ಹದಿನೆಂಟು ವರ್ಷದಲ್ಲಿ ಮೊದಲನೇ ಸಲ. ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ನಮ್ಮೆಜಮಾನರು, ಅವರು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು ಅಂತಾರೆ. ನನಗೆ ಹಾಗನ್ನಿಸಲ್ಲ. ಚೆನ್ನಾಗಿದೆ ಅಂತಲೂ ಅನ್ನಿಸಲ್ಲ.

ನನ್ನ ಮಾತು ಕೇಳಿ ಮನಸ್ಸು ನೋಯಿಸಿಕೊಂಡ ಹೆಂಗಸೊಬ್ಬಳಿದ್ದಳು. ಅವಳ ಮನೆಗೆ ಹೋದೆ, ನನ್ನದಕ್ಕೂ ಬಿದ್ದಿರಲಿಲ್ಲ ಕಣಮ್ಮ ಅಂದೆ. ಇಬ್ಬರೂ ಕೂತು ಅತ್ತೆವು. ಅವಳು ಪತ್ರಿಕೆಯಲ್ಲಿ ಬಂದ ಪಾದ್ರಿಗಳ ಉತ್ತರ ಕತ್ತರಿಸಿ ಇಟ್ಟುಕೊಂಡಿದ್ದಳು, ನನಗೆ ಓದಿ ಹೇಳಿದಳು. ಅವಳ ಬಾಯಲ್ಲಿ ಕೇಳಿದಾಗ ನಂಬಬೇಕು ಅನ್ನಿಸಿತು. ದಿನವೂ ಅನ್ನಿಸಲ್ಲ.

ಏನು ಕೇಳಿದರೂ ನಿಜ ಹೇಳುತ್ತೇನೆ ಅಂದಿದ್ದೀರಿ. ಹಾಕಿದೆ ಅನ್ನುವ ಒಂದೇ ಮಾತಲ್ಲಿ ನೀವು ಅವನ ಜೀವಮಾನವನ್ನೇ ಮುಚ್ಚಿಬಿಟ್ಟಿರಿ. ಆಮೇಲೆ ನಾನೂ ಏನೂ ಕೇಳಲಿಲ್ಲ. ನಾನು ಮಲಗಿದ್ದಲ್ಲಿಂದ ನಿಮ್ಮ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ಎಷ್ಟು ಹೊತ್ತು ಇದ್ದ? ಏನು ಮಾಡಿದ? ಒಂದೂ ಬಿಡದೆ ಬರೆಯಿರಿ. ನನ್ನ ಮನಸ್ಸಿಗೆ ಹಿತವಾಗಲಿ ಅಂತ ಏನೂ ಸೇರಿಸಬೇಡಿ.

ಇಂತಿ,
ಅವನ ತಾಯಿ

ಜೂನ್ ೨೦

ಅಮ್ಮಾ,

ಅವನು ಹತ್ತೊಂಬತ್ತು ನಿಮಿಷ ಇದ್ದ. ಹನ್ನೊಂದು ಗಂಟೆ ಆರು ನಿಮಿಷದಿಂದ ಹನ್ನೊಂದು ಇಪ್ಪತ್ತೈದರವರೆಗೆ. ಗೋಡೆಯ ಗಡಿಯಾರ ನೋಡಿ ನಾನೇ ಬರೆದಿದ್ದೇನೆ.

ತೂಕ ಒಂದು ಕಿಲೋ ಇನ್ನೂರು ಗ್ರಾಂ. ತಲೆಯಲ್ಲಿ ಕೂದಲು ಚೆನ್ನಾಗಿತ್ತು, ಒದ್ದೆಯಾಗಿ ಅಂಟಿಕೊಂಡಿತ್ತು. ಮೊದಲು ಮೈ ನೀಲಿಯಾಗಿತ್ತು. ನಾನು ಒರೆಸಿದೆ, ಅಂಗಾಲು ತಟ್ಟಿದೆ, ಅವನು ಅಳಲಿಲ್ಲ. ಆಮೇಲೆ ಚೀಲದಿಂದ ಉಸಿರು ಕೊಡಲು ಶುರು ಮಾಡಿದೆ. ನಾಲ್ಕನೇ ನಿಮಿಷದ ಹತ್ತಿರ ತಾನಾಗಿ ಒಂದು ಸಲ ಉಸಿರೆಳೆದ, ಬಿಕ್ಕಿದ ಹಾಗೆ. ನೀವು ಕೂಗಿದ್ದು ಆಗಲೇ. ನಿಮ್ಮ ದನಿಗೆ ತಿರುಗಿದ ಅಂತ ಬರೆಯಲು ಆಸೆ, ಆದರೆ ತಿರುಗಲಿಲ್ಲ. ತಿರುಗಲು ನನ್ನ ಕೈ ಬಿಟ್ಟಿರಲಿಲ್ಲ.

ಹನ್ನೆರಡನೇ ನಿಮಿಷಕ್ಕೆ ಡಾಕ್ಟರ್ ಓಡಿ ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡರು.

ನನ್ನ ತಮ್ಮನಿಗೂ ಹೇಳದ ಮಾತು ಇಲ್ಲಿದೆ. ಕೈಗಳೆರಡೂ ಕೆಲಸದಲ್ಲಿದ್ದವು ಅಂತ ಅವನಿಗೆ ಬರೆದೆ. ಡಾಕ್ಟರ್ ಬಂದಮೇಲೆ ಅರ್ಧ ನಿಮಿಷ ನನ್ನ ಕೈ ಖಾಲಿಯಿತ್ತು. ಬೇಸಿನ್ನು ಅಲ್ಲೇ ಇತ್ತು. ಹಾಕಬಹುದಿತ್ತು, ಹಾಕಲಿಲ್ಲ.

ಯಾಕೆ ಅಂತ ನಾಲ್ಕು ತಿಂಗಳು ನನ್ನನ್ನೇ ಕೇಳಿಕೊಂಡಿದ್ದೇನೆ. ಆಗ ಅವನ ಬಣ್ಣ ತಿರುಗಿತ್ತು ಅಮ್ಮಾ. ಮೊದಲು ತುಟಿ ಕೆಂಪಾಯಿತು, ಆಮೇಲೆ ಎದೆ. ಮಾಸ್ಕ್ ಸರಿಮಾಡಲು ಬಗ್ಗಿದೆ, ಅವನ ಎಡಗೈ ನನ್ನ ಕಿರುಬೆರಳಿಗೆ ತಗುಲಿತು, ಹಿಡಿದುಕೊಂಡ. ಹಿಡಿಯುವುದು ಆ ವಯಸ್ಸಿನ ಮಕ್ಕಳ ಮೈಯ ಅಭ್ಯಾಸ, ಹೆಚ್ಚಿನ ಅರ್ಥ ಹಚ್ಚುವುದಿಲ್ಲ. ಆದರೆ ಬಿಗಿಯಾಗಿಯೇ ಹಿಡಿದಿದ್ದ. ಇವನು ಬದುಕುತ್ತಾನೆ ಅಂತ ನನಗೆ ಅನ್ನಿಸಿಬಿಟ್ಟಿತು. ಬದುಕುವ ಮಗುವಿಗೆ ನಿಮ್ಮ ಸಭೆಯಲ್ಲಿ, ನಿಮ್ಮವರೆಲ್ಲರ ಎದುರು, ನಿಧಾನವಾಗಿ ನೀರು ಹಾಕುತ್ತಾರೆ. ನನಗೆ ನೀರಿನ ನೆನಪೇ ಬರಲಿಲ್ಲ. ಅವನನ್ನೇ ನೋಡುತ್ತಾ ನಿಂತಿದ್ದೆ.

ಆಮೇಲೆ ಎದೆಬಡಿತ ನಿಧಾನವಾಯಿತು. ಸೂಜಿಮದ್ದು ಕೊಟ್ಟೆವು, ಡಾಕ್ಟರ್ ಎದೆ ಒತ್ತಿದರು. ಹದಿನೇಳನೇ ನಿಮಿಷಕ್ಕೆ ಬೆರಳು ಬಿಟ್ಟ. "ಕರ್ತನೇ, ಇವನನ್ನು ತೆಗೆದುಕೋ" ಅಂತ ಮನಸ್ಸಿನಲ್ಲಿ ಅಂದೆ, ನೀವು ಇಟ್ಟ ಹೆಸರು ಹೇಳಿಯೇ ಅಂದೆ. ಬಾಯಿ ಬಿಟ್ಟು ಅನ್ನಲಿಲ್ಲ.

ಅವನ ಕಣ್ಣು ತೆರೆದಿತ್ತೇ ಅಂತ ನೀವು ಕೇಳಿಲ್ಲ, ಆದರೂ ಒಂದೂ ಬಿಡಬೇಡಿ ಅಂದಿದ್ದೀರಿ. ಎಡಗಣ್ಣು ಸ್ವಲ್ಪ ತೆರೆದಿತ್ತು, ಆ ಅರ್ಧ ನಿಮಿಷದಲ್ಲಿ. ಬಣ್ಣ ಕಪ್ಪು.

ನರ್ಸ್